ಭಾವ, ಗಣಪತಿ ಮತ್ತು 490 ಡಾಲರ್

"ಕ್ರೆಡಿಟ್ ಕಾರ್ಡಿನ ಹಳೇ ಸ್ಟೇಟ್‌ಮೆಂಟ್ ಎಷ್ಟು ವರ್ಷ ಹಿಂದಿನದು ಸಿಗುತ್ತೆ ಕಣಯ್ಯ?"

ಭಾನುವಾರ ಬೆಳಗ್ಗೆ ಏಳೂವರೆಗೆ ಫೋನ್ ಮಾಡಿ ಭಾವ ಕೇಳಿದ ಪ್ರಶ್ನೆ ಇದು. ಕ್ಷೇಮ ಸಮಾಚಾರ ಇಲ್ಲ, ಕಾಫಿ ಆಯ್ತಾ ಇಲ್ಲ. ಅಮೆರಿಕದಲ್ಲಿ ಇರುವ ನಮ್ಮಂಥವರಿಗೆ ಅಷ್ಟು ಹೊತ್ತಿಗೆ ಫೋನ್ ಬಂತೆಂದರೆ ಊರಲ್ಲಿ ಯಾರೋ ಹೋದರು ಅಂತಲೇ ಲೆಕ್ಕ. ನಾನು ಗಾಬರಿ ಬಿದ್ದು ಎದ್ದು ಕೂತರೆ ಇವರಿಗೆ ಸ್ಟೇಟ್‌ಮೆಂಟ್ ಬೇಕಂತೆ.

ಭಾವನಿಗೆ ಸಿಟಿಜನ್‌ಶಿಪ್ ಇಂಟರ್‌ವ್ಯೂ ಪತ್ರ ಬಂದಿತ್ತು. ಅರ್ಜಿ ತುಂಬುವಾಗಲೂ ನಾನೇ ಪಕ್ಕದಲ್ಲಿ ಕೂತಿದ್ದೆ. ಎನ್-400 ಅನ್ನುವ ಆ ಫಾರ್ಮಿನಲ್ಲಿ ಭಯಂಕರ ಪ್ರಶ್ನೆಗಳಿವೆ. ನರಮೇಧದಲ್ಲಿ ಪಾಲ್ಗೊಂಡಿದ್ದೀರಾ? ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ? ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ? ಭಾವ ಇಲ್ಲ, ಇಲ್ಲ, ಇಲ್ಲ ಅಂತ ಮೌಸ್ ಕುಟ್ಟಿಕೊಂಡು ಹೋದರು. ಪೊಲೀಸರು ಯಾವಾಗಲಾದರೂ ನಿಮ್ಮನ್ನು ಹಿಡಿದಿದ್ದಾರಾ, ಕೇಸು ಬರೆದಿದ್ದಾರಾ ಅನ್ನುವ ಕಡೆ ಬಂದಾಗ ಕೈ ನಿಂತುಬಿಟ್ಟಿತು. ಕನ್ನಡಕ ತೆಗೆದು ಒರೆಸಿದರು. ಒಳಗೆ ಒಗ್ಗರಣೆ ಹಾಕುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು, "ಗಣಪತಿ ಟಿಕೆಟ್ಟು ಬರೀರಿ."

ಆ ಟಿಕೆಟ್ಟಿನ ಕತೆ ನಮ್ಮ ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಹಬ್ಬದ ಹಿಂದಿನ ಸಂಜೆ ಸ್ಯಾನ್ ಹೋಸೆಯಿಂದ ಭಾವ ಮಣ್ಣಿನ ಗಣಪತಿ ತರುತ್ತಿದ್ದರು. ಡಿಕ್ಕಿಯಲ್ಲಿ ಇಟ್ಟರೆ ಸೊಂಡಿಲು ಮುರಿಯುತ್ತೆ ಅಂತ ಪಕ್ಕದ ಸೀಟಿನಲ್ಲಿ ಕೂರಿಸಿದ್ದರು. ಹೊಟ್ಟೆಗೆ ಸೀಟ್ ಬೆಲ್ಟು. ಬೆಲ್ಟು ಉಜ್ಜಿ ಬಣ್ಣ ಹೋಗದಿರಲಿ ಅಂತ ನಡುವೆ ಅಕ್ಕನ ಹಳೇ ಟವೆಲ್ಲು. 101 ಹೆದ್ದಾರಿಯಲ್ಲಿ ಆಗ ಕಾರಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನಿಗೆ ಹೋಗಬಹುದಿತ್ತು. ಭಾವ ಹೋದರು. ಹೆದ್ದಾರಿ ಪೊಲೀಸ್ ನಿಲ್ಲಿಸಿದ. "ನಾವಿಬ್ಬರಿದ್ದೇವೆ" ಅಂದರಂತೆ ಇವರು. ಪೊಲೀಸ್ ಕಿಟಕಿಯಲ್ಲಿ ಬಗ್ಗಿ, ಗಣಪತಿಯನ್ನು ಸಾವಕಾಶವಾಗಿ ನೋಡಿ, ಬಹಳ ಚೆನ್ನಾಗಿದೆ ಅಂತ ಹೊಗಳಿ, ಟಿಕೆಟ್ ಬರೆದುಕೊಟ್ಟ. ರಸ್ತೆ ಬದಿಯ ಬೋರ್ಡಿನಲ್ಲೇ ಬರೆದಿರುತ್ತದಲ್ಲ, ಕನಿಷ್ಠ ದಂಡ 490 ಡಾಲರ್ ಅಂತ. ಅಷ್ಟೂ ಕಟ್ಟಿದರು.

ಪ್ರತಿ ಹಬ್ಬದಲ್ಲೂ ಕಡುಬು ತಿನ್ನುತ್ತ ಭಾವನೇ ಈ ಕತೆ ಹೇಳಿ ನಗಿಸುತ್ತಿದ್ದರು. ಅರ್ಜಿ ಹಾಕಿದ ಮೇಲೆ ಹೇಳಕೂಡದು ಅಂತ ಅಪ್ಪಣೆಯಾಯಿತು. "ಪೊಲೀಸನ ಹತ್ರ ಇಬ್ಬರಿದ್ದೇವೆ ಅಂದಿದ್ದು ಸುಳ್ಳು ಹೇಳಿದ ಹಾಗೆ ಆಗುತ್ತಾ?" ಅಂತ ನನ್ನನ್ನು ಗುಟ್ಟಾಗಿ ಕೇಳಿದರು. ಆಗುತ್ತೆ ಅಂದರೆ ದೇವರಿಲ್ಲ ಅಂದಂತೆ, ಆಗಲ್ಲ ಅಂದರೆ ಕಾನೂನಿಲ್ಲ ಅಂದಂತೆ. ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.

ಇನ್ನು ಆ ಸ್ಟೇಟ್‌ಮೆಂಟಿನ ವಿಷಯ. ಫಾರ್ಮಿನ ಜೊತೆ ಬರುವ ಸೂಚನೆಯಲ್ಲಿ ಒಂದು ರಿಯಾಯಿತಿ ಇದೆ. ಕುಡಿತ, ಡ್ರಗ್ಸ್ ಸಂಬಂಧ ಇಲ್ಲದ ಟ್ರಾಫಿಕ್ ಕೇಸಾಗಿದ್ದು, ಬಂಧನ ಆಗಿರದೆ, ಶಿಕ್ಷೆ ಅಂದರೆ 500 ಡಾಲರಿಗಿಂತ ಕಡಿಮೆ ದಂಡ ಅಥವಾ ಲೈಸೆನ್ಸಿನ ಮೇಲೆ ತಪ್ಪಿನ ಪಾಯಿಂಟ್ ಮಾತ್ರ ಆಗಿದ್ದರೆ ಕಾಗದಪತ್ರ ಕೊಡಬೇಕಿಲ್ಲ. 490 ಆ ಗೆರೆಯ ಈಚೆಗೆ ಉಳಿಯುತ್ತದೆ. ಗಣಪತಿ ಹತ್ತು ಡಾಲರಿನಲ್ಲಿ ಕಾಪಾಡಿದ ಅಂತ ಅಕ್ಕ ಕೈ ಮುಗಿದಳು. ಆದರೆ ಭಾವನಿಗೆ ಮಧ್ಯರಾತ್ರಿ ಎಚ್ಚರವಾಗಿ ಹೊಸ ಯೋಚನೆ ಹೊಳೆದಿತ್ತು. ದಂಡವನ್ನು ಆನ್‌ಲೈನಿನಲ್ಲಿ ಕಾರ್ಡಿನಿಂದ ಕಟ್ಟಿದ್ದರು. ಕಾರ್ಡಿನಲ್ಲಿ ಕಟ್ಟಿದರೆ ಮೇಲೊಂದಿಷ್ಟು ಶುಲ್ಕ ಹಾಕುತ್ತಾರೆ. ಅದೂ ಸೇರಿ 500 ದಾಟಿದ್ದರೆ? ನನ್ನ ಭಾನುವಾರದ ನಿದ್ದೆ ಹೋಗಿದ್ದು ಆ ಶುಲ್ಕಕ್ಕೆ.

ಇನ್ನೊಂದು ಟಿಕೆಟ್ಟೂ ಇತ್ತು, ಸ್ಟಾಪ್ ಸೈನಿನದು. ಚಕ್ರ ಪೂರ್ತಿ ನಿಲ್ಲಿಸದೆ ಜಾರಿಸಿಕೊಂಡು ಹೋಗಿದ್ದಕ್ಕೆ. ಕ್ಯಾಲಿಫೋರ್ನಿಯದಲ್ಲಿ ಅದಕ್ಕೆ ಮೂಲ ದಂಡ ಬರೀ 35 ಡಾಲರ್. ಅದರ ಮೇಲೆ ರಾಜ್ಯದ್ದು, ಕೌಂಟಿಯದ್ದು, ಕೋರ್ಟಿನದ್ದು ಅಂತ ಸೇರಿಸಿ ಸೇರಿಸಿ 230 ದಾಟಿಸುತ್ತಾರೆ. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಾಕುವುದಾದರೆ ನೇರವಾಗಿ 230 ಅಂತಲೇ ಹಾಕಿ, ಯಾರು ಬೇಡ ಅಂದರು?

ಇಷ್ಟರಲ್ಲಿ ಪಾಟ್‌ಲಕ್ ವಕೀಲರ ಪ್ರವೇಶವಾಯಿತು. ಪಾಟ್‌ಲಕ್ ಅಂದರೆ ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕೂಟ. ನಮ್ಮ ಕನ್ನಡದ ಮಂದಿ ಸೇರಿದ ಕಡೆ ಬಿಸಿಬೇಳೆಬಾತ್ ಇದ್ದೇ ಇರುತ್ತದೆ, ಇಮಿಗ್ರೇಷನ್ ಕಾನೂನು ಬಲ್ಲವರೂ ಇದ್ದೇ ಇರುತ್ತಾರೆ. ಯಾರೂ ವಕೀಲರಲ್ಲ. ಒಬ್ಬರು ಡೇಟಾಬೇಸ್ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಚಿಪ್ ಡಿಸೈನು. ತಟ್ಟೆ ಹಿಡಿದರೆ ಮಾತ್ರ ಎಲ್ಲರೂ ಹೈಕೋರ್ಟು. "ಟ್ರಾಫಿಕ್ ಸ್ಕೂಲ್ ಮಾಡಿದ್ರೆ ಬರೆಯೋದೇ ಬೇಡ" ಅನ್ನುತ್ತಾರೆ ಒಬ್ಬರು. ಅದು ತಪ್ಪು. ಟಿಕೆಟ್ ಬಿದ್ದವರಿಗೆ ಹೇಳುವ ಆ ಪಾಠಕ್ಕೆ ಕೂತರೆ ಪಾಯಿಂಟ್ ಮರೆಯಾಗುತ್ತದೆ, ಟಿಕೆಟ್ ಬಿದ್ದದ್ದು ಇಲ್ಲ ಅಂತಾಗುವುದಿಲ್ಲ. "ಪಾರ್ಕಿಂಗ್ ಟಿಕೆಟ್ಟೂ ಬರೀಬೇಕು" ಅಂತ ಇನ್ನೊಬ್ಬರು ಹಪ್ಪಳ ಮುರಿದರು. ಗಾಜಿಗೆ ಸಿಕ್ಕಿಸಿ ಹೋದ ಚೀಟಿಗಳನ್ನೂ ನೆನಪಿಸಿಕೊಳ್ಳುತ್ತ ಭಾವ ಊಟ ಬಿಟ್ಟರು. ಹೀಗೆ ಇನ್ನೊಬ್ಬರ ತಟ್ಟೆಯೊಳಗೆ ಭಯ ಬಡಿಸಿ ತಾವು ಎರಡನೇ ಸಲ ಬಡಿಸಿಕೊಳ್ಳಲು ಹೋಗುವವರನ್ನು ಕಂಡರೆ ನನಗೆ ಆಗುವುದೇ ಇಲ್ಲ.

ಆದರೆ ಅವರ ಕೈಗೆ ಒಂದು ಗಟ್ಟಿ ಕಾಗದ ಸಿಕ್ಕಿತ್ತು ಅನ್ನುವುದನ್ನೂ ಒಪ್ಪಬೇಕು. ಪೌರತ್ವ ಬೇಕಾದವರು ಸಾಮಾನ್ಯವಾಗಿ ಹಿಂದಿನ ಐದು ವರ್ಷ ಒಳ್ಳೆ ನಡತೆಯವರಾಗಿರಬೇಕು ಅಂತ ಇಲ್ಲಿನ ಕಾನೂನು. 2025ರ ಆಗಸ್ಟಿನಲ್ಲಿ ಪೌರತ್ವದ ಇಲಾಖೆ ತನ್ನ ಅಧಿಕಾರಿಗಳಿಗೆ ಹೊಸ ಸೂಚನೆ ಕೊಟ್ಟಿತು. ತಪ್ಪು ಮಾಡಿಲ್ಲ ಅಂದರೆ ಸಾಲದು, ಒಳ್ಳೆಯದು ಏನು ಮಾಡಿದ್ದಾರೆ ಅಂತಲೂ ತೂಗಿ ನೋಡಿ ಅಂತ. ನಾಗರಿಕರಿಗೆ ತಕ್ಕದ್ದಲ್ಲದ ನಡವಳಿಕೆಗೆ ಉದಾಹರಣೆಯಾಗಿ ಅದರಲ್ಲಿ ಅಡ್ಡಾದಿಡ್ಡಿ ಗಾಡಿ ಓಡಿಸುವುದು, ಪದೇ ಪದೇ ಟ್ರಾಫಿಕ್ ನಿಯಮ ಮುರಿಯುವುದು ಅಂತ ಬರೆದೇ ಇದೆ. ಎರಡು ಟಿಕೆಟ್ ಅಂದರೆ ಪದೇ ಪದೇ ಆಯ್ತಾ? ಭಾವನ ಪ್ರಕಾರ ಆಯ್ತು. ಕುಡಿದು ಓಡಿಸಿದ ಕೇಸಿನ ಕತೆ ಬೇರೆ. ಆ ಅವಧಿಯಲ್ಲಿ ಅಂಥವು ಎರಡಾದರೆ ನಡತೆ ಸರಿಯಿಲ್ಲ ಅಂತಲೇ ಮೊದಲು ಹಿಡಿಯಬೇಕೆಂದು 2019ರಲ್ಲೇ ತೀರ್ಮಾನವಾಗಿದೆ. ಭಾವ ಕುಡಿಯುವುದು ಮಜ್ಜಿಗೆ.

ಒಳ್ಳೆ ಕೆಲಸಕ್ಕೆ ಸಾಕ್ಷಿಯಾಗಿ, ಪ್ರತಿ ಯುಗಾದಿಗೆ ಪುಳಿಯೋಗರೆ ಬಡಿಸಿದ್ದೇನೆ ಅಂತ ಕನ್ನಡ ಕೂಟದಿಂದ ಪತ್ರ ತರಬಹುದಾ ಅಂತ ಕೇಳಿದರು. ಬಡಿಸಿದ್ದು ಅಕ್ಕ. ಇವರು ಫೋಟೋ ತೆಗೆಯುತ್ತಿದ್ದರು.

ಅದಿರಲಿ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಭಯ ಯಾಕೆ ಅನ್ನುವುದರಲ್ಲಿ ಏನೋ ಒಂದು ಸಂಗತಿ ಇದೆ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಹೇಳುತ್ತೇನೆ. ಅದಕ್ಕೂ ಮೊದಲು, ಭಾವನಿಗೆ ಧೈರ್ಯ ಬರಲಿ ಅಂತ ನಾನು ಹೇಳಿದ ಸುಪ್ರೀಂ ಕೋರ್ಟಿನ ಕತೆ ಕೇಳಿ.

ದಿವ್ನಾ ಮಾಸ್ಲೆನ್ಯಾಕ್ ಅಂತ ಒಬ್ಬ ಹೆಂಗಸು. ಬೋಸ್ನಿಯಾದ ಸರ್ಬ್ ಜನಾಂಗದವಳು. ಯುದ್ಧದ ನಂತರ ನಿರಾಶ್ರಿತಳಾಗಿ 2000ದಲ್ಲಿ ಅಮೆರಿಕಕ್ಕೆ ಬಂದಳು, 2007ರಲ್ಲಿ ಪ್ರಜೆಯಾದಳು. ಗಂಡ ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡಿದ್ದ ಅಂತ ಹೇಳಿದ್ದಳು. ಅವನು ನಿಜವಾಗಿ ಬೋಸ್ನಿಯಾ ಸರ್ಬ್ ಸೈನ್ಯದ ಅಧಿಕಾರಿ. ಸುಳ್ಳು ಹೇಳಿ ಪೌರತ್ವ ಪಡೆದಳು ಅಂತ ಕೇಸಾಗಿ, ಪೌರತ್ವ ಕಿತ್ತುಕೊಂಡರು. ಇದು ಮೇಲೆ ಮೇಲೆ ಹೋಗಿ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದಕ್ಕೆ ಬಂತು. ಸರ್ಕಾರದ ವಾದ ಇಷ್ಟೇ: ಸುಳ್ಳು ದೊಡ್ಡದೋ ಚಿಕ್ಕದೋ, ಅದರಿಂದ ಪೌರತ್ವ ಸಿಕ್ಕಿತೋ ಇಲ್ಲವೋ, ಮುಖ್ಯ ಅಲ್ಲ. ಹೇಳಿದ್ದು ಸುಳ್ಳಾದರೆ ಮುಗೀತು.

ಆಗ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತಮ್ಮ ಕತೆ ತೆಗೆದರು. ಬಹಳ ಹಿಂದೆ, 55 ಮೈಲಿ ಮಿತಿ ಇರುವ ಕಡೆ ನಾನು 60ರಲ್ಲಿ ಗಾಡಿ ಓಡಿಸಿದ್ದೆ, ಯಾರೂ ಹಿಡಿಯಲಿಲ್ಲ ಅಂದರು. ಕೇಸು ಹಾಕುವ ಗಡುವು ಮೀರಿದೆ ಅಂತಲೂ ಸೇರಿಸಿದರು. ಪ್ರಪಂಚದ ಅತಿ ಗತ್ತಿನ ಕೋರ್ಟಿನಲ್ಲಿ, ಎತ್ತರದ ಪೀಠದ ನಟ್ಟನಡುವೆ ಕೂತು, ಕರೀ ನಿಲುವಂಗಿ ಹಾಕಿಕೊಂಡು, ದೇಶದ ಮುಖ್ಯ ನ್ಯಾಯಮೂರ್ತಿ ಐದು ಮೈಲಿಯ ಲೆಕ್ಕ ಕೊಡುತ್ತಿದ್ದಾರೆ! ಸಿಕ್ಕಿಬೀಳದೆ ಮಾಡಿದ ತಪ್ಪನ್ನೂ ಬರೆಯಿರಿ ಅಂತ ಫಾರ್ಮು ಕೇಳುತ್ತದಲ್ಲ, ಇದನ್ನು ನಾನು ಬರೆಯದೆ ಇದ್ದಿದ್ದರೆ ಇಪ್ಪತ್ತು ವರ್ಷದ ನಂತರ ನನ್ನ ಪೌರತ್ವವನ್ನೂ ಕಿತ್ತುಕೊಳ್ಳಬಹುದಾ ಅನ್ನುವುದು ಅವರ ಪ್ರಶ್ನೆ. ಸರ್ಕಾರಿ ವಕೀಲರು ಸುತ್ತಿ ಬಳಸಿ, ಕೊನೆಗೆ ಹೌದು ಅನ್ನುವಂಥ ಉತ್ತರವನ್ನೇ ಕೊಟ್ಟರು. ರಾಬರ್ಟ್ಸ್‌ಗೆ ತಡೆಯಲಾಗಲಿಲ್ಲ. ನಮ್ಮಲ್ಲಾದರೆ "ಬಿಡ್ರೀ ಸಾಕು" ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಮಾತು ಬಂತು. ಪಕ್ಕದಿಂದ ನ್ಯಾಯಮೂರ್ತಿ ಎಲೆನಾ ಕೇಗನ್, ನಾನು ನನ್ನ ತೂಕದ ಬಗ್ಗೆ ಸುಳ್ಳು ಹೇಳಿದಾಗೆಲ್ಲ ಇಷ್ಟು ಅಪಾಯ ಇತ್ತಾ ಅಂತ ಗಾಬರಿಪಟ್ಟರು.

ಜೂನ್‌ನಲ್ಲಿ ತೀರ್ಪು ಬಂತು. ಒಂಬತ್ತೂ ಜನ ಸರ್ಕಾರದ ವಾದವನ್ನು ತಳ್ಳಿಹಾಕಿದರು. ತೀರ್ಪು ಬರೆದವರು ಅದೇ ಕೇಗನ್. ಪೌರತ್ವ ಸಿಗುವುದರಲ್ಲಿ ಆ ಸುಳ್ಳಿನ ಪಾತ್ರ ಇದ್ದರೆ ಮಾತ್ರ ಈ ಅಪರಾಧ ಹೊರಿಸಿ ಪೌರತ್ವ ಕೀಳಬಹುದು ಅಂತ ಬರೆದು, ಮಾಸ್ಲೆನ್ಯಾಕ್ ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿದರು.

ಇಷ್ಟನ್ನೂ ನಾನು ಕೈ ಬಾಯಿ ಆಡಿಸಿ ಅಭಿನಯಪೂರ್ವಕ ಹೇಳಿದೆ. ಅಕ್ಕ ನಕ್ಕಳು. ಭಾವ ನಗಲಿಲ್ಲ. "ಸಿಕ್ಕಿಬೀಳದೇ ಮಾಡಿದ್ದನ್ನೂ ಬರೀಬೇಕಾ?" ಅಂದರು. ತೀರ್ಪಿನವರೆಗೆ ಅವರು ಬಂದೇ ಇರಲಿಲ್ಲ, ಆ 60 ಮೈಲಿಯಲ್ಲೇ ನಿಂತಿದ್ದರು. ಈ ದೇಶದಲ್ಲಿ 55ರ ಕಡೆ 60ರಲ್ಲಿ ಹೋಗದ ದಿನ ಯಾವುದು ಅಂತ ಲೆಕ್ಕ ಹಾಕತೊಡಗಿದರು.

ನೋಡಿ, ಭಯದ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅಷ್ಟರಲ್ಲಿ ಬೆಂಗಳೂರಿನ ಸ್ಕೂಟರ್ ಅಡ್ಡ ಬಂತು.

ಭಾವನ ಹೆಸರಿನಲ್ಲೇ ಇರುವ ಹಳೇ ಸ್ಕೂಟರನ್ನು ಅವರ ತಂಗಿಯ ಮಗ ಬೆಂಗಳೂರಲ್ಲಿ ಓಡಿಸುತ್ತಾನೆ. ಹೆಲ್ಮೆಟ್ ಇಲ್ಲದೆ ಓಡಿಸುತ್ತಾನೆ ಅಂತ ಬೇರೆ ಹೇಳಬೇಕಿಲ್ಲ. ಕ್ಯಾಮೆರಾ ಫೋಟೋ ಹಿಡಿಯುತ್ತದೆ, ಚಲನ್ ಗಾಡಿಯ ಮಾಲೀಕರ ಹೆಸರಿಗೆ ಬರುತ್ತದೆ. ತಲೆಗೆ 500 ರೂಪಾಯಿಯಂತೆ ಬೆಳೆಯುತ್ತಲೇ ಇತ್ತು. ಕಟ್ಟೋ ಅಂದರೆ, "ಇರಿ ಮಾವ, ಡಿಸ್ಕೌಂಟ್ ಬರುತ್ತೆ" ಅನ್ನುತ್ತಾನೆ. ಬಂತು ಕೂಡ! 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಮಾಫಿ ಅಂದರು, ಜನ ಸೀರೆ ಅಂಗಡಿಯ ಮುಂದೆ ನಿಂತಂತೆ ಕ್ಯೂ ನಿಂತರು. 2025ರ ಆಗಸ್ಟಿನಲ್ಲಿ ಮತ್ತೆ ಅರ್ಧ. ನಿಯಮ ಪಾಲಿಸಿದ ಬಡಪಾಯಿಗೆ ಏನು ಸಿಕ್ಕಿತು? ಕಾಲಕಾಲಕ್ಕೆ ದಂಡ ಕಟ್ಟಿದವನಿಗೆ? ಅವನು ದಡ್ಡ ಅಂತಾಯಿತು, ಅಷ್ಟೇ. ಇದನ್ನು ಹೇಳಿದರೆ ಅಮೆರಿಕದಲ್ಲಿ ಕೂತು ನಮಗೆ ಬುದ್ಧಿ ಹೇಳ್ತಾನೆ ಅಂತಾರೆ. ಅನ್ನಲಿ.

ಫಾರ್ಮಿನ ಪ್ರಶ್ನೆ ಪ್ರಪಂಚದಲ್ಲಿ ಎಲ್ಲೇ ಆಗಿದ್ದರೂ ಉತ್ತರಿಸಿ ಅನ್ನುತ್ತದೆ. ಸೋದರಳಿಯ ಹೆಲ್ಮೆಟ್ ಹಾಕದಿದ್ದರೆ ಮಾವನ ನಡತೆ ಕೆಡುತ್ತಾ? ಈ ಬಾರಿ ನಿಜವಾದ ವಕೀಲರಿಗೇ ದುಡ್ಡು ಕೊಟ್ಟು ಕೇಳಿದರು. ನೀವು ಓಡಿಸಿಲ್ಲ ತಾನೇ, ಬಿಡಿ ಅಂದರಂತೆ ಅವರು. ಭಾವ ಆದರೂ ಫೋನ್ ಮಾಡಿ ಹುಡುಗನಿಗೆ ಬೈದು ಕಟ್ಟಿಸಿದರು, ಅರ್ಧ ದರದಲ್ಲೇ.

ಇಂಟರ್‌ವ್ಯೂ ದಿನ ಭಾವ ಕೋಟು ಹಾಕಿಕೊಂಡು, ದಪ್ಪ ಫೈಲು ಹಿಡಿದುಕೊಂಡು ಹೋದರು. ಡಿಎಂವಿ ಅನ್ನುವ ಇಲ್ಲಿನ ಆರ್‌ಟಿಒದಿಂದ ತಂದ, ಹತ್ತು ವರ್ಷ ಗಾಡಿ ಓಡಿಸಿದ ದಾಖಲೆಯ ಎಚ್-6 ಪ್ರಿಂಟೌಟು, ದಂಡ ಕಟ್ಟಿದ ರಸೀದಿ, ಹುಡುಕಿ ತೆಗೆದ ಆ ಕಾರ್ಡಿನ ಸ್ಟೇಟ್‌ಮೆಂಟು, ಎಲ್ಲಕ್ಕೂ ಬಣ್ಣದ ಚೀಟಿ ಅಂಟಿಸಿದ್ದರು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರಂತೆ. ಅವರು ಅರ್ಜಿ ಹಾಕಿದಾಗಿನ ನಿಯಮದಂತೆ ಹತ್ತರಲ್ಲಿ ಆರು ಸರಿ ಆಗಬೇಕಿದ್ದ ಪ್ರಶ್ನೋತ್ತರದಲ್ಲಿ ಮೊದಲ ಆರೂ ಸರಿಯಾದವು. ಅಧಿಕಾರಿಣಿ ಆಮೇಲೆ ಕೇಳಿದಳು, "ಎರಡು ಟ್ರಾಫಿಕ್ ಟಿಕೆಟ್ ಅಂತ ಬರೆದಿದ್ದೀರಿ. ದಂಡ ಕಟ್ಟಿದ್ದೀರಾ?" ಹೌದು ಅಂದು ಇವರು ಫೈಲಿನ ದಾರ ಬಿಚ್ಚುವಷ್ಟರಲ್ಲಿ ಅವಳು ಮುಂದಿನ ಪುಟಕ್ಕೆ ಹೋಗಿದ್ದಳು. ಫೈಲು ನೋಡಲೇ ಇಲ್ಲವಂತೆ. ಪಾಸಾದ ಸಂತೋಷಕ್ಕಿಂತ ಈ ಅವಮಾನ ಜಾಸ್ತಿಯಾಗಿತ್ತು ಭಾವನಿಗೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಪ್ರಮಾಣವಚನದ ದಿನಕ್ಕೆ ಎನ್-445 ಅಂತ ಇನ್ನೊಂದು ಕಾಗದ ಬರುತ್ತದೆ. ಇಂಟರ್‌ವ್ಯೂ ಆದಮೇಲೆ ಏನಾದರೂ ಕಾನೂನು ಮುರಿದಿದ್ದೀರಾ, ಟ್ರಾಫಿಕ್ ನಿಯಮವೂ ಸೇರಿದಂತೆ, ಅಂತ ಅದರಲ್ಲಿ ಬಿಡಿಸಿ ಕೇಳಿದ್ದಾರೆ. ಭಾವ ಅವತ್ತೇ ಕಾರಿನ ಕೀ ಅಕ್ಕನ ಕೈಗೆ ಕೊಟ್ಟರು. ಪಕ್ಕದಲ್ಲಿ ಕೂತು ಪ್ರತಿ ಸ್ಟಾಪ್ ಸೈನಿನಲ್ಲೂ "ನಿಲ್ಲಿಸು, ಪೂರ್ತಿ ನಿಲ್ಲಿಸು" ಅಂತ ಪ್ರಾಣ ಹಿಂಡಿದರು. ಅಕ್ಕ ಒಂದು ದಿನ ನಿಲ್ಲಿಸಿದಳು, ಪೂರ್ತಿ. ಅಲ್ಲಿಂದ ಇವರು ಮನೆಗೆ ನಡೆದುಕೊಂಡೇ ಬಂದರು.

ಪ್ರಮಾಣ ಮಾಡಿದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಅದರ ಬಗ್ಗೆ ಇವತ್ತಿನವರೆಗೂ ಭಾವ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಪಾಟ್‌ಲಕ್ ವಕೀಲರೂ ಆಡುವುದಿಲ್ಲ. ಮಾತೆಲ್ಲ 490 ಡಾಲರಿಂದೇ.

ಮೊನ್ನೆ ಸಿಕ್ಕಿದಾಗ ನನ್ನನ್ನು ಹಿಡಿದುಕೊಂಡರು. "ನಿನಗೆ ಒಂದು ಟಿಕೆಟ್ಟೂ ಇಲ್ಲ. ನೀನ್ಯಾಕಯ್ಯ ಇನ್ನೂ ಅರ್ಜಿ ಹಾಕಿಲ್ಲ?"

"ಫೀಸು ಜಾಸ್ತಿ ಆಯ್ತು ಭಾವ. 760 ಡಾಲರ್ ಮಾಡಿದ್ದಾರೆ" ಅಂದೆ.

"ಅದು ಕಾಗದದಲ್ಲಿ ಹಾಕಿದರೆ. ಆನ್‌ಲೈನಿನಲ್ಲಿ ಹಾಕು, 710. ಕಾರ್ಡಿನ ಶುಲ್ಕ ಏನಾದ್ರೂ ಇದೆಯಾ ಅಂತ ಮಾತ್ರ ನೋಡ್ಕೋ" ಅಂದರು.