ಟಿಟೋ ಗೊತ್ತು, ದ್ರಾಜಾ ಗೊತ್ತಾ?

ಯುಗೋಸ್ಲಾವಿಯಾ ಆಳಿದ ಕಮ್ಯುನಿಸ್ಟ್ ನಾಯಕ ಟಿಟೋ ಹೆಸರು ನಮ್ಮಲ್ಲಿ ಸ್ವಲ್ಪ ವಯಸ್ಸಾದೋರಿಗೆಲ್ಲಾ ಗೊತ್ತು, ನೆಹರು, ನಾಸರ್ ಜೊತೆಗಿನ ಅಲಿಪ್ತ ಚಳವಳಿ ಪಾಠ ಓದಿರ್ತೀವಲ್ಲ. ಆದ್ರೆ ಎರಡನೇ ಮಹಾಯುದ್ಧದಲ್ಲಿ ಯುಗೋಸ್ಲಾವಿಯಾದಲ್ಲಿ ಬ್ರಿಟಿಷರು ಮೊದಲು ತಲೆ ಮೇಲೆ ಹೊತ್ತು ಮೆರೆಸಿದ್ದು ಟಿಟೋನ ಅಲ್ಲ, ದ್ರಾಜಾ ಮಿಹೈಲೋವಿಚ್ ಅನ್ನೋ ಸರ್ಬಿಯನ್ ಕರ್ನಲ್‌ನ. "ನಂಬಿಸಿ ಕತ್ತು ಕೊಯ್ದ್ರು ಪಾಪ" ಅಂತ ಇವನ ಬಗ್ಗೆ ಕಣ್ಣೀರು ಹಾಕೋ ಜನ ತುಂಬಾ ಇದಾರೆ. ಕತ್ತು ಕೊಯ್ದಿದ್ದು ನಿಜಾನೇ. ಆದ್ರೆ ಯಾಕೆ ಕೊಯ್ದ್ರು ಅನ್ನೋದನ್ನ ಯಾರೂ ಸರಿಯಾಗಿ ಹೇಳಲ್ಲ, ನಂಗೆ ಉರಿಯೋದೇ ಅಲ್ಲಿ.

1941 ಏಪ್ರಿಲ್‌ನಲ್ಲಿ ಜರ್ಮನಿ ನುಗ್ಗಿದ ಹತ್ತು ಹನ್ನೆರಡು ದಿನಕ್ಕೆ ಯುಗೋಸ್ಲಾವ್ ಸೈನ್ಯ ಶರಣಾಯ್ತು. ಹದಿಹರೆಯದ ರಾಜ ಪೀಟರ್ ಲಂಡನ್ ಸೇರ್ಕೊಂಡ. ಶರಣಾಗಲ್ಲ ಅಂತ ಕೆಲವೇ ಜನರನ್ನ ಕಟ್ಕೊಂಡು ರಾವ್ನಾ ಗೋರಾ ಬೆಟ್ಟ ಹತ್ತಿದೋನು ಈ ಮಿಹೈಲೋವಿಚ್. ಅವನ ಪಡೆಗೆ ಚೆಟ್ನಿಕ್ ಅಂತ ಹೆಸರು. ಆಗ ಯುರೋಪಲ್ಲಿ ಎಲ್ಲೆಲ್ಲೂ ಸೋಲಿನ ಸುದ್ದಿ, ಲಂಡನ್‌ಗೆ ಒಬ್ಬ ಹೀರೋ ಬೇಕಿತ್ತು, ಸಿಕ್ಕಿದ. 1942 ಜನವರಿಗೆ ಲಂಡನ್ನಲ್ಲಿದ್ದ ರಾಜನ ಸರ್ಕಾರದ ಯುದ್ಧಮಂತ್ರಿ ಪಟ್ಟ, ಮೇ ತಿಂಗಳಿಗೆ ಟೈಮ್ ಪತ್ರಿಕೆ ಮುಖಪುಟ, ಹಾಲಿವುಡ್ಡಲ್ಲಿ ಒಂದು ಸಿನಿಮಾನೂ ಆಯ್ತು! ಮೆರವಣಿಗೆ ಇಷ್ಟು ಜೋರಾಗಿದ್ರೂ ಬೆಟ್ಟಕ್ಕೆ ಬಂದ ಬಂದೂಕು, ಮದ್ದುಗುಂಡು ಮಾತ್ರ ಅಷ್ಟಕ್ಕಷ್ಟೇ.

ಅವನ ಕಷ್ಟಾನೂ ಹೇಳ್ಬೇಕು. ಒಬ್ಬ ಜರ್ಮನ್ ಸತ್ರೆ ನೂರು ಜನ, ಗಾಯ ಆದ್ರೆ ಐವತ್ತು ಜನ ಅಂತ ಜರ್ಮನ್ನರ ಲೆಕ್ಕ. ಅಕ್ಟೋಬರ್ 1941ರಲ್ಲಿ ಕ್ರಾಗುಯೆವಾತ್ಸ್ ಊರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಹಾಗೇ ಗುಂಡಿಟ್ಟು ಕೊಂದ್ರು, ಸ್ಕೂಲ್ ಹುಡುಗ್ರನ್ನೂ ಬಿಡ್ಲಿಲ್ಲ. ಇದನ್ನ ನೋಡಿದ ಮೇಲೆ ಅವನು ಸೈನ್ಯ ಉಳಿಸ್ಕೊಳ್ಳೋಣ, ಮಿತ್ರಪಡೆ ಬಂದು ಇಳಿದಾಗ ಏಳೋಣ ಅಂತ ಕೂತ. ಇಲ್ಲಿಗೆ ನಾನು ಅವನನ್ನ ಬೈಯಲ್ಲ. ಆದ್ರೆ ಜರ್ಮನ್ನರ ಮೇಲೆ ಎತ್ತದ ಬಂದೂಕು ಟಿಟೋನ ಕಮ್ಯುನಿಸ್ಟ್ ಗೆರಿಲ್ಲಾಗಳಾದ ಪಾರ್ಟಿಸನ್‌ಗಳ ಮೇಲೆ, ಬೋಸ್ನಿಯಾದ ಮುಸ್ಲಿಮರ ಮೇಲೆ ಚೆನ್ನಾಗೇ ಎದ್ದಿತ್ತು. ಅವನ ಕಮಾಂಡರ್ ಪಾವ್ಲೆ ಜುರಿಶಿಚ್ 1943ರ ಫೆಬ್ರವರಿ 13ಕ್ಕೆ ಅವನಿಗೇ ವರದಿ ಕಳಿಸಿದ್ದ, ಫೋಚಾ, ಚಾಯ್ನಿಚೆ, ಪ್ಲೇವ್ಲ್ಯಾ ಕಡೆ ಸುಮಾರು 1,200 ಮುಸ್ಲಿಂ ಹೋರಾಟಗಾರರು, ಜೊತೆಗೆ 8,000ದಷ್ಟು ಹೆಂಗಸರು ಮುದುಕರು ಮಕ್ಕಳು ಸತ್ರು ಅಂತ.

ಅದಾಗಿ ಎರಡು ವಾರಕ್ಕೆ, ಫೆಬ್ರವರಿ 28ಕ್ಕೆ, ಮೊಂಟೆನೆಗ್ರೋದ ಲಿಪೋವೋ ಅನ್ನೋ ಹಳ್ಳೀಲಿ ಒಂದು ಮಗು ನಾಮಕರಣ. ಅಲ್ಲಿ ದ್ರಾಜಾ ಭಾಷಣ ಬಿಗಿದ. ಬ್ರಿಟಿಷರು ಕೊನೇ ಸರ್ಬ್ ಸಾಯೋತನಕ ನಮ್ಮನ್ನ ಕಾದಾಡಿಸ್ತಾರೆ, ನಂಗೆ ಸಹಾಯ ಮಾಡ್ತಿರೋದು ಇಟಲಿಯವ್ರು ಮಾತ್ರ, ಮೊದಲು ಪಾರ್ಟಿಸನ್, ಉಸ್ತಾಶಾ (ಕ್ರೊಯೇಷಿಯಾದ ಫ್ಯಾಸಿಸ್ಟರು), ಮುಸ್ಲಿಂ, ಕ್ರೊಯೇಟ್ ಎಲ್ಲರನ್ನೂ ಮುಗಿಸಿ ಆಮೇಲೆ ಜರ್ಮನ್ನರ ಕಡೆ ನೋಡ್ತೀನಿ ಅಂತ. ಬ್ರಿಟಿಷ್ ಕರ್ನಲ್ ಬೇಯ್ಲಿ ಅಲ್ಲೇ ಇದ್ದ, ಎಲ್ಲಾ ಬರೆದು ಕಳಿಸಿದ. ಇಟಲಿ ಅಂದ್ರೆ ಆಗ ಹಿಟ್ಲರ್ ಜೊತೆಗಾರ, ಬ್ರಿಟನ್ನಿನ ಶತ್ರು. ಲಂಡನ್ ಕೆಂಡಾಮಂಡಲ!

ಗಮನಿಸಿ, ಕೋಪ ಬಂದಿದ್ದು ಆ ಭಾಷಣಕ್ಕೆ. ಫೋಚಾದ ಮಕ್ಕಳ ಹೆಣಕ್ಕಲ್ಲ.

ಆಮೇಲೆ ಬ್ರಿಟಿಷರು ಟಿಟೋ ಕಡೆಗೂ ಆಫೀಸರ್‌ಗಳನ್ನ ಇಳಿಸಿದ್ರು, ಡೀಕಿನ್, ಮಕ್ಲೀನ್. ಕದ್ದು ಕೇಳಿದ ಜರ್ಮನ್ನರ ರೇಡಿಯೋ ಮಾತಲ್ಲೂ ಅವರನ್ನ ಯಾರು ನಿಜವಾಗಿ ಕಾಡ್ತಿದಾರೆ ಅಂತ ಗೊತ್ತಾಯ್ತು. 1943ರ ಕೊನೆಗೆ ಚರ್ಚಿಲ್, ರೂಸ್ವೆಲ್ಟ್, ಸ್ಟಾಲಿನ್ ಸೇರಿದ ಟೆಹರಾನ್ ಸಭೇಲಿ ಟಿಟೋಗೆ ಸಹಾಯ ಅಂತ ತೀರ್ಮಾನ ಆಗೋಗಿತ್ತು, ಆದ್ರೂ ಡಿಸೆಂಬರ್‌ನಲ್ಲಿ ದ್ರಾಜಾಗೆ ಎರಡು ರೈಲ್ವೆ ಸೇತುವೆ ಒಡೀರಿ ಅಂತ ಗಡುವು ಕೊಟ್ರು. ಒಡೀಲಿಲ್ಲ. ಕಥೆ ಮುಗೀತು. 1944 ಸೆಪ್ಟೆಂಬರ್‌ನಲ್ಲಿ ಅವನ ರಾಜನೇ ರೇಡಿಯೋದಲ್ಲಿ ಟಿಟೋ ಜೊತೆ ಸೇರ್ಕೊಳ್ಳಿ ಅಂದ.

ತಮಾಷೆ ಏನಂದ್ರೆ ಅದೇ ಟೈಮಲ್ಲಿ ಇವನ ಜನ, ಪ್ರಾನ್ಯಾನಿ ಹಳ್ಳೀಲಿ ಎತ್ತಿನಗಾಡೀಲಿ ಕಲ್ಲು ಮಣ್ಣು ಹೊತ್ತು ರನ್‌ವೇ ಮಾಡಿ, ರುಮೇನಿಯಾದ ತೈಲ ಘಟಕಗಳ ಮೇಲೆ ಬಾಂಬ್ ಹಾಕೋಕೆ ಹೋಗಿ ಬಿದ್ದ ಅಮೆರಿಕನ್ ವೈಮಾನಿಕರನ್ನ ವಿಮಾನ ಹತ್ತಿಸ್ತಿದ್ರು, ಎಲ್ಲಾ ಸೇರಿ ಐನೂರರ ಆಸುಪಾಸು! 1946ರಲ್ಲಿ ಟಿಟೋ ಸರ್ಕಾರ ದ್ರಾಜಾನ ಹಿಡಿದು ವಿಚಾರಣೆ ನಡೆಸ್ತು. ಆ ವೈಮಾನಿಕರಲ್ಲಿ ಕೆಲವರು ಬೆಲ್‌ಗ್ರೇಡಿಗೆ ಹೋಗಿ ಸಾಕ್ಷಿ ಹೇಳ್ತೀವಿ ಅಂದ್ರು, ಟಿಟೋ ಸರ್ಕಾರ ಬಿಡ್ಲಿಲ್ಲ. ಜುಲೈ 17ಕ್ಕೆ ದ್ರಾಜಾನ ಗುಂಡಿಟ್ಟು ಕೊಂದ್ರು. 1948ರಲ್ಲಿ ಅಮೆರಿಕ ಅಧ್ಯಕ್ಷ ಟ್ರೂಮನ್ ಅವನಿಗೆ ಮರಣೋತ್ತರ ಪದಕ ಕೊಟ್ರು, ಟಿಟೋಗೆ ಬೇಜಾರಾಗ್ಬಾರ್ದು ಅಂತ ಗುಟ್ಟಾಗಿ, ಮಗಳ ಕೈಗೆ ಅದು ಸಿಕ್ಕಿದ್ದು 2005ರಲ್ಲಿ. ಇದಕ್ಕೆ ಏನನ್ನಬೇಕೋ ನಂಗಂತೂ ತಿಳೀಲ್ಲ.

2015ರಲ್ಲಿ ಬೆಲ್‌ಗ್ರೇಡ್ ಕೋರ್ಟು ಆ ಹಳೇ ತೀರ್ಪು ರದ್ದು ಮಾಡ್ತು. ಅದು ರಾಜಕೀಯ ವಿಚಾರಣೆ, ನ್ಯಾಯವಾಗಿ ನಡೀಲಿಲ್ಲ ಅಂತ. ಸರಿ, ಒಪ್ಪೋಣ. ಆದ್ರೆ ಅದನ್ನೇ ಹಿಡ್ಕೊಂಡು "ನೋಡಿ, ನಿರಪರಾಧಿ ಅಂತ ಕೋರ್ಟೇ ಹೇಳಿದೆ" ಅಂತ ವಾದ ಮಾಡೋರು ಜುರಿಶಿಚ್ ವರದೀನ ಒಂದ್ಸಲ ಓದ್ಲಿ, ಅದನ್ನ ಬರೆದಿದ್ದು ಟಿಟೋ ಕಡೆಯವ್ರಲ್ಲ, ಅವನ ಸ್ವಂತ ಕಮಾಂಡರ್ರೇ.