ಹಾಸ್ಟೆಲ್ ಅಡುಗೆಮನೆಯಲ್ಲಿ ವ್ಯಕ್ತಿತ್ವ ವಿಕಸನ

ಎಕ್ಸ್‌ಚೇಂಜ್ ಅರ್ಜಿಗೆ ಲಗತ್ತಿಸುವ ಪತ್ರದಲ್ಲಿ ಕಲಬುರಗಿಯ ಹುಡುಗನಿರಲಿ, ಬೀದರಿನ ಹುಡುಗಿಯಿರಲಿ, ‘ವ್ಯಕ್ತಿತ್ವ ವಿಕಸನ’ದ ಒಂದು ಸಾಲು ಹಾಕದೆ ಬಿಡುವುದಿಲ್ಲ. ಒಂದು ಸೆಮಿಸ್ಟರ್ ಜರ್ಮನಿಗೆ ಹೋದವರಿಗೆ ಈ ವಿಕಸನ ಬಹುಪಾಲು ಹಾಸ್ಟೆಲಿನ ಅಡುಗೆಮನೆಯಲ್ಲೇ ಆಗುತ್ತದೆ, ಅದೂ ಹೊಗೆಯ ನಡುವೆ.

ಶುರುವಾಗುವುದು ಸೂಟ್‌ಕೇಸಿನಿಂದ. ಸಾಮಾನ್ಯವಾಗಿ ವಿಮಾನದವರು ಬಿಡುವುದು 23 ಕೆ.ಜಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ತುಂಬಿದ ಮೇಲೆ ಕಾಕು ಬಂದು ಒಂದು ಡಬ್ಬಿ ತುಪ್ಪ ಇಡುತ್ತಾಳೆ. ರೊಟ್ಟಿ, ಹಿಂಡಿಗೆ ತಕರಾರಿಲ್ಲ. ತುಪ್ಪ, ಪೇಡೆ, ಖೋವಾ ಮಾತ್ರ ಯುರೋಪಿನ ಕಸ್ಟಮ್ಸ್ ದಾಟುವುದಿಲ್ಲ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ಕೈಯಲ್ಲಿ ತರುವುದು ಅಲ್ಲಿ ನಿಷಿದ್ಧ. ಹಸಿ ಕರಿಬೇವಿಗೂ ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು. ಪಾಸ್‌ಪೋರ್ಟ್ ಮಾಡಿಸಲು ಅಷ್ಟು ಅಲೆದ ಮೇಲೆ ಕರಿಬೇವಿಗೂ ಒಂದು ಮಾಡಿಸಲು ಯಾರಿಗೆ ವ್ಯವಧಾನ? ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗುವುದು ಲೇಸು.

ಕಟ್ಟಿಕೊಂಡು ಹೋದ ರೊಟ್ಟಿ ಮುಗಿದ ದಿನ ಅಸಲಿ ಪರೀಕ್ಷೆ. ಜೋಳದ ಹಿಟ್ಟೇನೋ ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಬೀಸಿ ಎಷ್ಟು ತಿಂಗಳಾಯಿತೋ, ಜಿಗಿ ಹೋಗಿರುತ್ತದೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ. ಕುದಿಯುವ ನೀರು ಬಿದ್ದು ಪಿಷ್ಟ ಬೆಂದಾಗಲೇ ಹಿಟ್ಟು ಹಿಡಿದುಕೊಳ್ಳುವುದು. ನಲ್ಲಿಯ ಬಿಸಿನೀರಿನಲ್ಲಿ ನಾದಿದರೆ ರೊಟ್ಟಿಯ ಅಂಚು ಬ್ಯಾಸಗಿಯ ಎರೆಹೊಲದಂತೆ ಬಿರಿಯುತ್ತದೆ. ಒಂದು ಕಪ್ ಹಿಟ್ಟಿಗೆ ಹತ್ತಿರ ಹತ್ತಿರ ಒಂದು ಕಪ್ ಎಸರು, ಅದೂ ಗುಳುಗುಳು ಕುದಿಯುವಾಗಲೇ ಹಾಕಿ, ಚಮಚೆಯಿಂದ ಕಲಸಿ, ಮುಚ್ಚಿಟ್ಟು, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು.

ಇನ್ನು ಹಂಚು. ತಳ ಉಬ್ಬಿದ ನಮ್ಮ ಹಂಚು ಅಲ್ಲಿಯ ಚಪ್ಪಟೆ ಗಾಜಿನ ಒಲೆಯ ಮೇಲೆ ಒಂದೇ ಬಿಂದುವಿನಲ್ಲಿ ಕೂತು ತಿರುಗುತ್ತದೆ. ನಡುವೆ ಕರಕಲು, ಅಂಚಿಗೆ ಹಸಿ. ಸಪಾಟು ತಳದ ಕಬ್ಬಿಣದ ತವಾ ಒಯ್ಯಿರಿ. ಇಂಡಕ್ಷನ್ ಒಲೆಯಿದ್ದರೂ ನಡೆಯುತ್ತದೆ. ಅಲ್ಯೂಮಿನಿಯಂ ಆದರೆ ಇಂಡಕ್ಷನ್ ಕಣ್ಣೇ ತೆರೆಯುವುದಿಲ್ಲ. ಬಡಿಯುವ ಹೊತ್ತನ್ನೂ ನೋಡಿಕೊಳ್ಳಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ, ರವಿವಾರವಂತೂ ದಿನವಿಡೀ, ಸದ್ದು ಮಾಡಬಾರದು ಅನ್ನುತ್ತಾರೆ. ಪಟಪಟ ರೊಟ್ಟಿ ಬಡಿದರೆ ಕೆಳಗಿನ ಕೋಣೆಯವನು ಏನೋ ರಿಪೇರಿ ನಡೆದಿದೆ ಅಂದುಕೊಂಡು ಮೇಲೆ ಬರುತ್ತಾನೆ. ಬಂದವನಿಗೆ ಒಂದು ರೊಟ್ಟಿ, ಮೇಲೊಂದು ಚಮಚ ಹಿಂಡಿ ಕೊಟ್ಟು ಕೂಡಿಸಿದರೆ ಜಗಳ ಅಲ್ಲಿಗೆ ಮುಗಿಯಿತು.

ಒಗ್ಗರಣೆಯ ತಂಟೆ ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಚಾವಣಿಯ ಹೊಗೆಗಂಟೆಯೊಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣ ತಾಗಿ ಅದು ಚದುರಿತೋ, ಗಂಟೆ ಕೂಗಿತು. ಬೆಂಕಿಯ ಹೊಗೆಗೂ ಒಣಮೆಣಸಿನಕಾಯಿ ಘಾಟಿಗೂ ಅದಕ್ಕೆ ಭೇದ ತಿಳಿಯದು. ಗಾಬರಿಯಲ್ಲಿ ಎಲ್ಲರೂ ಮಾಡುವುದು ಅಡುಗೆಮನೆಯ ಬಾಗಿಲು ತೆಗೆಯುವುದು. ಹೊಗೆ ಕಾರಿಡಾರಿಗೆ ನುಗ್ಗಿ ಅಲ್ಲಿಯ ಗಂಟೆಯೂ ಹೊಡೆದುಕೊಳ್ಳುತ್ತದೆ. ಅದಕ್ಕೆ ಅಗ್ನಿಶಾಮಕ ದಳದ ಜೊತೆ ನೇರ ಸಂಪರ್ಕವಿದ್ದರೆ ಗಾಡಿ ಬರುತ್ತದೆ, ಹಿಂದೆಯೇ ಬಿಲ್ಲೂ ಬರಬಹುದು. ಬಾಗಿಲು ಹಾಕಿ ಕಿಟಕಿ ತೆಗೆಯಿರಿ. ಎಣ್ಣೆಯನ್ನು ಹೊಗೆಯಾಡುವ ತನಕ ಕಾಯಿಸದಿದ್ದರೆ ಇನ್ನೂ ವಾಸಿ.

ಅವ್ವ ಬೆಳಗ್ಗೆ 6ಕ್ಕೆ ಎದ್ದು ಫೋನ್ ಹಚ್ಚಿ “ಉಂಡೀಯೇನೋ?” ಅಂದಾಗ ಅಲ್ಲಿ ಚಳಿಗಾಲದ ನಡುರಾತ್ರಿ ಒಂದೂವರೆ. ಮಾರ್ಚ್ ಕೊನೆಯ ರವಿವಾರ ಅವರು ಗಡಿಯಾರ ಒಂದು ತಾಸು ಮುಂದೆ ತಿರುಗಿಸಿದ ಮೇಲೆ ಎರಡೂವರೆ. ಗೋಡೆಗೆ ಎರಡು ಗಡಿಯಾರ ಹಾಕಿಕೊಟ್ಟು ಹೋದರೂ ಅವ್ವ ನೋಡುವುದು ಕಲಬುರಗಿಯದನ್ನೇ.

ಅಪ್ಪನ ಸರದಿ ಬರುವುದು ರಿಸಲ್ಟ್ ದಿನ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸು, 5.0 ನಪಾಸು. “ಹತ್ತಕ್ಕ ಒಂದೂ ಮುಕ್ಕಾಲೇನೋ? ಇದಕ್ಕೇ ಇಷ್ಟು ದೂರ ಹೋದ್ಯಾ?” ಸಮಾಧಾನಕ್ಕೆ ನಮ್ಮ ಅಂಕವನ್ನು ಅಲ್ಲಿಯದಕ್ಕೆ ತಿರುಗಿಸುವ ಒಂದು ಲೆಕ್ಕ ಇದೆ. ಗರಿಷ್ಠ ಅಂಕದಿಂದ ನಿಮ್ಮದನ್ನು ಕಳೆಯಿರಿ, ಗರಿಷ್ಠದಿಂದ ಪಾಸಿನದನ್ನು ಕಳೆದು ಬಂದದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸಿ. ಹತ್ತಕ್ಕೆ 8.5 ಇದ್ದು ಪಾಸು 4 ಆದರೆ ಬರುವುದು 1.75. ಫೋನಿನಲ್ಲಿ ಇದನ್ನು ವಿವರಿಸುವ ಹುಚ್ಚಿಗೆ ಬೀಳದೆ ಕಾಗದದ ಮೇಲೆ ಬರೆದು ಫೋಟೊ ಕಳಿಸಿ.

ಅಂಕಕ್ಕಿಂತ ಕ್ರೆಡಿಟ್ಟಿನ ಕಡೆ ಹೆಚ್ಚು ಕಣ್ಣಿರಲಿ. ಹೋಗುವ ಮೊದಲು ವಿದ್ಯಾರ್ಥಿ, ಇಲ್ಲಿಯ ವಿಶ್ವವಿದ್ಯಾಲಯ, ಅಲ್ಲಿಯದು, ಮೂವರೂ ಸಹಿ ಹಾಕುವ ‘ಲರ್ನಿಂಗ್ ಅಗ್ರಿಮೆಂಟ್’ ಇರುತ್ತದೆ, ಅಲ್ಲಿ ಓದುವ ಯಾವ ಕೋರ್ಸಿನ ಕ್ರೆಡಿಟ್ ಇಲ್ಲಿ ಸಲ್ಲುತ್ತದೆ ಎಂಬ ಒಪ್ಪಂದ. ಅಲ್ಲಿ ಹೋದ ಮೇಲೆ ಒಂದು ಕೋರ್ಸ್ ಬದಲಾದರೂ ತಿದ್ದಿಸಿ ಮತ್ತೆ ಮೂರೂ ಸಹಿ ಮಾಡಿಸದಿದ್ದರೆ, ಊರಿಗೆ ಬಂದು ಅದೇ ಪೇಪರ್ ಇನ್ನೊಮ್ಮೆ ಬರೆಯುವ ಯೋಗ.

ಕೋಣೆ ಬಿಡುವಾಗ ಅರಿಷಿಣದ ಕಲೆ ಬಿದ್ದ ಬಿಳಿ ಅಡುಗೆಕಟ್ಟೆಯೂ ಡಿಪಾಜಿಟ್ಟಿಗೆ ಕತ್ತರಿ ಹಾಕೀತು. ಆ ಕಲೆಯನ್ನು ಅಳಿಸುವುದು ಬಿಸಿಲು. ಕಲಬುರಗಿಯಲ್ಲಿ ಎರಡು ದಿನದ ಕೆಲಸ. ಫೆಬ್ರವರಿಯ ಜರ್ಮನಿಯಲ್ಲಿ ಬಿಸಿಲಿನ ದಾರಿ ಕಾಯಬೇಡಿ, ಮೊದಲ ದಿನವೇ ಕಟ್ಟೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿಬಿಡಿ.