ಆಸ್ಪತ್ರೆಗೆ ಸೇರಿದರೆ ಮಾತ್ರ ಮನಸ್ಸಿಗೆ ವಿಮೆ

ನಿದ್ದೆ ಬರುವುದಿಲ್ಲ, ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ. ಕಚೇರಿಯಲ್ಲಿ ಮೀಟಿಂಗ್ ಎಂದರೆ ಸಾಕು, ಅಂಗೈ ಬೆವರುತ್ತದೆ. ಮನೋವೈದ್ಯರು ನೋಡಿ, ಇದು ಆತಂಕದ ಕಾಯಿಲೆ, ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಮಾತಿನ ಚಿಕಿತ್ಸೆಯೂ ಬೇಕು, ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಿ ಎಂದು ಚೀಟಿ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಅಂಥವರ ಒಂದು ಭೇಟಿಗೆ ಸಾವಿರ, ಎರಡು ಸಾವಿರ ಸಾಮಾನ್ಯ. ವಾರ ವಾರ ಅಷ್ಟು ಕೊಡಲು ನನ್ನ ಸಂಬಳಕ್ಕೆ ತ್ರಾಣವಿಲ್ಲ. ಆದರೆ ಆರೋಗ್ಯ ವಿಮೆ ಇದೆಯಲ್ಲ! ವರ್ಷವರ್ಷ ತಪ್ಪದೆ ಕಂತು ಕಟ್ಟಿದ್ದೇನೆ. 2025ರ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿಯನ್ನೂ ತೆತ್ತಿದ್ದೇನೆ. ಹೊರರೋಗಿ ಚಿಕಿತ್ಸೆಗೆಂದು ಪ್ರತ್ಯೇಕ ಹಣ ಕೊಟ್ಟು ಹೆಚ್ಚುವರಿ ಸೌಲಭ್ಯ ಕೂಡ ತೆಗೆದುಕೊಂಡಿದ್ದೇನೆ. ಇನ್ನೇನು ಬೇಕು?

ಇನ್ನೂ ಬಹಳ ಬೇಕಂತೆ.

ಮೊದಲು ವಿಮಾ ಕಂಪನಿಯ ಆ್ಯಪ್‌ನಲ್ಲಿ, ಅವರ ಜೊತೆ ಒಪ್ಪಂದ ಇರುವ ಚಿಕಿತ್ಸಕರ ಪಟ್ಟಿ ಹುಡುಕಿದೆ. ‘ಮಾನಸಿಕ ಆರೋಗ್ಯ’ ಎಂಬ ವಿಭಾಗವೇನೋ ಇದೆ, ಹಸಿರು ಎಲೆಯ ಚಿತ್ರದ ಸಮೇತ. ಅದರಲ್ಲಿದ್ದ ಮೊದಲ ನಂಬರು ಚಾಲ್ತಿಯಲ್ಲಿಲ್ಲ. ಮತ್ತೊಂದು ಕಡೆ ಫೋನ್ ಎತ್ತಿದ ಹೆಂಗಸು ಬಹಳ ಸಮಾಧಾನದಿಂದ, “ಸರ್, ಇದು ಫಿಸಿಯೋಥೆರಪಿ ಕೇಂದ್ರ. ಇಲ್ಲಿ ಮಂಡಿನೋವು, ಬೆನ್ನುನೋವು ಮಾತ್ರ ನೋಡುತ್ತೇವೆ. ನಿಮ್ಮ ಹಾಗೆ ತುಂಬಾ ಜನ ಫೋನ್ ಮಾಡುತ್ತಾರೆ” ಎಂದರು. ತುಂಬಾ ಜನ! ಅಂದರೆ ಈ ತಪ್ಪು ಕಂಪನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಇನ್ನೊಂದು ಕಡೆ ನಿಜವಾದ ಸೈಕಾಲಜಿಸ್ಟ್ ಸಿಕ್ಕರು. ಸಿಕ್ಕ ಖುಷಿಯಲ್ಲಿ ವಿಮೆಯ ಹೆಸರು ಹೇಳಿದೆ. “ಆ ಕಂಪನಿಯ ಜೊತೆ ನಮ್ಮ ಒಪ್ಪಂದ ಯಾವತ್ತೋ ಮುಗಿದಿದೆ, ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಹೇಳಿ ಹೇಳಿ ಸಾಕಾಗಿದೆ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಕ್ಕಾಲು ಗಂಟೆ ಎದುರಿಗೆ ಕೂತು ಕೇಳಿಸಿಕೊಂಡವರಿಗೆ ಅರ್ಧ ದುಡ್ಡು ಕೊಡುವುದು, ಅದನ್ನೂ ತಿಂಗಳುಗಟ್ಟಲೆ ಸತಾಯಿಸಿ ಕೊಡುವುದು, ರೋಗಿ ಏನೇನು ಹೇಳಿಕೊಂಡ ಎಂಬ ಟಿಪ್ಪಣಿಯನ್ನೂ ಕಳುಹಿಸಿ ಎನ್ನುವುದು! ಇಷ್ಟಾದ ಮೇಲೆ ಯಾರು ತಾನೇ ಒಪ್ಪಂದದಲ್ಲಿ ಉಳಿಯುತ್ತಾರೆ?

ಸರಿ, ನಾನೇ ಹಣ ಕೊಟ್ಟು ರಸೀದಿ ತಂದು ಕ್ಲೇಮ್ ಮಾಡುತ್ತೇನೆ ಎಂದೆ. ಅರ್ಜಿಯಲ್ಲಿ ‘ಚಿಕಿತ್ಸೆ ನೀಡಿದ ವೈದ್ಯರ ನೋಂದಣಿ ಸಂಖ್ಯೆ’ ಎಂಬ ಜಾಗವಿದೆ. ನಾನು ಕಂಡ ಸೈಕಾಲಜಿಸ್ಟ್ ಎಂ.ಫಿಲ್. ಮಾಡಿದವರು, ಕೇಂದ್ರ ಸರ್ಕಾರದ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾದವರು. ಆ ಸಂಖ್ಯೆ ಬರೆದೆ. ಕ್ಲೇಮ್ ತಿರಸ್ಕೃತ. ಕಾರಣ: ಪಾಲಿಸಿಯ ಪ್ರಕಾರ ವೈದ್ಯ ಎಂದರೆ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿಯಾದವರು ಮಾತ್ರ. ಚೀಟಿ ಬರೆದುಕೊಟ್ಟ ಮನೋವೈದ್ಯರು ವೈದ್ಯರು, ಆ ಚೀಟಿಯ ಪ್ರಕಾರ ಚಿಕಿತ್ಸೆ ಕೊಟ್ಟವರು ಯಾರೂ ಅಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ ಪ್ರಯೋಗಾಲಯದ ಬಿಲ್ಲಿಗೆ ಇದೇ ಪಾಲಿಸಿಯಲ್ಲಿ ಹಣ ಬರುತ್ತದೆ. ಅಲ್ಲಿ ಸೂಜಿ ಚುಚ್ಚಿದವರು ಎಂಬಿಬಿಎಸ್ ಓದಿದ್ದಾರೆಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಸಹಾಯವಾಣಿಗೆ ಫೋನ್ ಮಾಡಿ ಕಾನೂನು ಮಾತಾಡಿದೆ. ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2018ರಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿತು. ಅವು ಜಗ್ಗಲಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್ ಕಿವಿ ಹಿಂಡಿತು. 2022ರಲ್ಲಿ ಪ್ರಾಧಿಕಾರ ಮತ್ತೆ ಗಡುವು ಕೊಟ್ಟು ಹೇಳಬೇಕಾಯಿತು. ಇಷ್ಟನ್ನೂ ಒಪ್ಪಿಸಿದ ಮೇಲೆ ಆ ಕಡೆಯಿಂದ ಬಂದ ಉತ್ತರ ಇದು: “ಸರ್, ನಾವು ಸಮಾನವಾಗಿಯೇ ನೋಡುತ್ತೇವೆ. ಮಾನಸಿಕ ಕಾಯಿಲೆಗೂ ಸತತ 24 ಗಂಟೆ ಒಳರೋಗಿಯಾಗಿ ದಾಖಲಾದರೆ ಪೂರ್ತಿ ಕವರ್ ಇದೆ.”

ಇದೇ ಅವರ ಸಮಾನತೆ. ಅಪೆಂಡಿಕ್ಸ್‌ಗೆ ಮಂಚ ಬೇಕು, ಆದ್ದರಿಂದ ಆತಂಕಕ್ಕೂ ಮಂಚ ಬೇಕು. ವಾರಕ್ಕೊಂದು ಗಂಟೆ ಕುರ್ಚಿಯ ಮೇಲೆ ಕೂತು ಮಾತಾಡಿದರೆ ವಾಸಿಯಾಗುವ ಕಾಯಿಲೆಯನ್ನು, ಹಾಸಿಗೆ ಹಿಡಿದು ಮಲಗುವವರೆಗೆ ಬೆಳೆಸಿಕೊಂಡು ಬನ್ನಿ, ಆಮೇಲೆ ಲಕ್ಷ ಬೇಕಾದರೂ ಕೊಡುತ್ತೇವೆ ಎಂಬ ಲೆಕ್ಕ. ರೋಗಿಯನ್ನು ದೀರ್ಘಕಾಲ ಆಸ್ಪತ್ರೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದು ಅದೇ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಆ ಪುಟ ಇವರ ಕಣ್ಣಿಗೆ ಬಿದ್ದಂತಿಲ್ಲ. ಮತ್ತೆ ನಾನು ಪ್ರತ್ಯೇಕ ಹಣ ಕೊಟ್ಟು ಕೊಂಡ ಹೊರರೋಗಿ ಸೌಲಭ್ಯ? ಅದು ಪಟ್ಟಿಯಲ್ಲಿ ಇರುವವರ ಬಳಿ ಮಾತ್ರ ನಡೆಯುತ್ತದೆ. ಪಟ್ಟಿಯಲ್ಲಿ ಇರುವವರು ಮಂಡಿನೋವು ನೋಡುತ್ತಾರೆ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ.

“ನಿಮ್ಹಾನ್ಸ್ ಇದೆಯಲ್ಲ, ಅಲ್ಲಿಗೆ ಹೋಗಬಾರದೇ?” ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ನಿಮ್ಹಾನ್ಸ್ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ರಾಜ್ಯದ ಮೂಲೆ ಮೂಲೆಯಿಂದ, ನೆರೆಯ ರಾಜ್ಯಗಳಿಂದ ರಾತ್ರಿ ಬಸ್ಸು ಹತ್ತಿ ಬಂದವರು ಬೆಳಗ್ಗೆಯೇ ಅಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ. ವಿಮೆಯ ಕಂತು ಕಟ್ಟಿರುವ ನಾನು ಅವರ ಸರದಿಯನ್ನು ಏಕೆ ಕಿತ್ತುಕೊಳ್ಳಬೇಕು? 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನಲ್ಲಿ ಕನ್ನಡದಲ್ಲಿಯೇ ಮಾತಾಡುತ್ತಾರೆ, ಅದೂ ಬಿಟ್ಟಿಯಾಗಿ. ಕೆಟ್ಟ ರಾತ್ರಿಗಳಲ್ಲಿ ಅದು ದೊಡ್ಡ ಆಸರೆ, ಹೌದು. ಆದರೆ ವಾರ ವಾರ ಅದೇ ಸೈಕಾಲಜಿಸ್ಟ್ ಎದುರು ಕೂತು, ಹಿಂದಿನ ವಾರ ಬಿಟ್ಟ ಎಳೆಯನ್ನು ಹಿಡಿದು ಮುಂದುವರಿಸುವ ಚಿಕಿತ್ಸೆಯೇ ಬೇರೆ. ಸರ್ಕಾರ ಇಷ್ಟಾದರೂ ಮಾಡಿದೆ. ನನ್ನ ಜಗಳ ಹಣ ಪಡೆದವರ ಜೊತೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ತೊಂದರೆ ಇರುವವರ ಪೈಕಿ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಎಂದಿತ್ತು. ಜನರಿಗೆ ಅರಿವಿಲ್ಲ, ನಾಚಿಕೆ ಎಂದು ಎಲ್ಲರೂ ಇದಕ್ಕೆ ಕಾರಣ ಹೇಳುತ್ತಾರೆ. ನನಗೆ ಅರಿವಿದೆ, ನಾಚಿಕೆ ಇಲ್ಲ, ಕೈಯಲ್ಲಿ ಚೀಟಿ ಇದೆ, ಪಾಲಿಸಿ ಇದೆ. ಆದರೂ ಬಾಗಿಲು ತೆರೆಯುತ್ತಿಲ್ಲ. ಇದರ ಮಧ್ಯೆ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಅದೇ ಕಂಪನಿಯಿಂದ ಸಂದೇಶ ಬೇರೆ: “ಮನಸ್ಸು ಬಿಚ್ಚಿ ಮಾತಾಡಿ, ನಾವಿದ್ದೇವೆ.” ಮಾತಾಡಿದ್ದಕ್ಕೇ ಅಲ್ಲವೇ ಸ್ವಾಮಿ ನೀವು ದುಡ್ಡು ಕೊಡದೆ ಇರುವುದು!

ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇನೆ. ಅವರು ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಥವಾ ಹಾರಿಕೆಯ ಉತ್ತರ ಕೊಟ್ಟರೆ, ವಿಮಾ ಲೋಕಪಾಲರಿಗೆ ಬರೆಯುತ್ತೇನೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೋಗಬೇಕಾದವನು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ, ಈ ಹಂತದಲ್ಲಿ ಅದು ಸಾಲದು ಎಂದು ಸೈಕಾಲಜಿಸ್ಟ್ ಹೇಳಿದ್ದರೂ. ಪಾಲಿಸಿ ಮಾರುವಾಗ ಮೊದಲ ಪುಟದಲ್ಲಿ, ನಗುವ ಕುಟುಂಬದ ಫೋಟೊ ಕೆಳಗೆ, ‘ಮಾತಿನ ಚಿಕಿತ್ಸೆಗೆ ನಾವು ಬಿಡಿಗಾಸು ಕೊಡುವುದಿಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ. ಆ ಹೆಚ್ಚುವರಿ ಸೌಲಭ್ಯದ ದುಡ್ಡನ್ನು ನೇರವಾಗಿ ಸೈಕಾಲಜಿಸ್ಟ್ ಕೈಗೇ ಕೊಟ್ಟಿದ್ದರೆ ನಾಲ್ಕಾರು ಭೇಟಿಗಾದರೂ ಆಗುತ್ತಿತ್ತು.